ಕಮಲಾಕರ ಹೆಗಡೆಯ ನಾಲಿಗೆಯೂ ಹಾಳೆಯ ಟೈಮರೂ

ಸಿದ್ದಾಪುರ ಸೀಮೆಯಲ್ಲಿ ನಾಲಿಗೆಯ ಬಲದಿಂದ ಹೆಸರು ಮಾಡಿದವರಿಗೆ ಕೊರತೆಯಿಲ್ಲ. ಮಂತ್ರ ಹೇಳುವವರು, ಪದ ಹೇಳುವವರು, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಒಮ್ಮೆ ಹಿಡಿದ ಮೈಕನ್ನು ಕರೆಂಟು ಹೋಗುವವರೆಗೆ ಬಿಡದವರು, ಎಲ್ಲರೂ ಇದ್ದಾರೆ. ಆದರೆ ಒಂದೇ ಒಂದು ಮಾತನ್ನೂ ಆಡದೆ, ಬರೀ ನಾಲಿಗೆಯನ್ನು ಹೊರಗೆ ಚಾಚಿ, ಸಿದ್ದಾಪುರ, ಶಿರಸಿ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ಪ್ರಸಿದ್ಧನಾದವನು ಒಬ್ಬನೇ. ಅವನು ಹಿಟ್ಟಿನ ಗಿರಣಿಯ ಕಮಲಾಕರ ಹೆಗಡೆ.

ಕಮಲಾಕರ ಬ್ಯಾಟರಿಗಳನ್ನು ನೆಕ್ಕುತ್ತಿದ್ದ.

ಇದನ್ನು ಇಷ್ಟು ಚಿಕ್ಕದಾಗಿ ಹೇಳುವುದು ಅವನಿಗೆ ಮಾಡುವ ಅನ್ಯಾಯ. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯನ್ನು ಅವನು ಮೊದಲು ಧೋತರದ ಚುಂಗಿಗೆ ಒರೆಸುತ್ತಿದ್ದ. ಆಮೇಲೆ ಕಣ್ಣು ಮುಚ್ಚುತ್ತಿದ್ದ. ಗಿರಣಿಯಲ್ಲಿ ಹಿಟ್ಟಿಗಾಗಿ ಕಾದು ನಿಂತವರೆಲ್ಲ ತಮಗರಿವಿಲ್ಲದೆ ಉಸಿರು ಹಿಡಿಯುತ್ತಿದ್ದರು. ಬ್ಯಾಟರಿಯ ತಲೆಯ ಎರಡು ಲೋಹದ ಗುಬ್ಬಿಗಳ ಮೇಲೆ ನಾಲಿಗೆಯ ತುದಿ ಒಂದು ಕ್ಷಣ ಕೂತು ಎದ್ದುಬರುತ್ತಿತ್ತು. ನಂತರ ತೀರ್ಪು. 'ಇನ್ನೂ ಒಂದು ಮಳೆಗಾಲ ಬಾಳಿಕೆ ಬತ್ತು.' ಅಥವಾ, 'ಇದರ ಕಥೆ ಮುಗತ್ತು.' ಅವನು ಕಥೆ ಮುಗಿಯಿತೆಂದ ಬ್ಯಾಟರಿಯನ್ನು ಯಾರೂ ಮತ್ತೆ ರೇಡಿಯೊಕ್ಕೆ ಹಾಕುತ್ತಿರಲಿಲ್ಲ. ಹಾಕಿದರೆ ಅದು ಹಾಡಿಬಿಟ್ಟೀತೆಂಬ ಹೆದರಿಕೆ. ಯಲ್ಲಾಪುರದ ಆಚೆಯ ನಂದೊಳ್ಳಿಯಿಂದ ಯಾರೋ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬ್ಯಾಟರಿ ಕೊಟ್ಟು ಕಳಿಸಿ, ನೆಕ್ಕಿಸಿಕೊಂಡು ವಾಪಸು ತರಿಸಿಕೊಂಡರೆಂಬ ಸುದ್ದಿಯೂ ಇತ್ತು. ಕಮಲಾಕರ ನೆಕ್ಕಿದ ಮೇಲೆ ಬ್ಯಾಟರಿಗೆ ಸ್ವಲ್ಪ ಶಕ್ತಿ ಹೆಚ್ಚುತ್ತದೆ ಎನ್ನುವವರು ಶಿರಸಿ ಪೇಟೆಯಲ್ಲಿ ಈಗಲೂ ಸಿಗುತ್ತಾರೆ.

ಮೂಲದಲ್ಲಿ ಇದು ಗಿರಣಿಯ ಅಭ್ಯಾಸ. ಗೋಧಿ ಒಣಗಿದೆಯೋ ಇಲ್ಲವೋ, ಅಕ್ಕಿ ತೊಳೆದು ಆರಿದೆಯೋ ಇಲ್ಲವೋ, ಅವನು ಒಂದು ಕಾಳನ್ನು ನಾಲಿಗೆಯ ಮೇಲಿಟ್ಟು ಹೇಳುತ್ತಿದ್ದ. ಹಸಿ ಕಾಳನ್ನು ಹಾಕಿದರೆ ಬೀಸುವ ಕಲ್ಲಿಗೆ ಹಿಟ್ಟು ಮೆತ್ತಿಕೊಳ್ಳುತ್ತದಲ್ಲ, ಅದಕ್ಕೆ. ಗಿರಣಿ ಅಪ್ಪನಿಂದ ಬಂದದ್ದು. ಎಲೆಕ್ಟ್ರಾನಿಕ್ಸು ಅಂಚೆಯಿಂದ ಬಂದದ್ದು. ಶಿರಸಿಯಲ್ಲಿ ಪಿಯುಸಿ ಮುಗಿಸಿ ಬಂದವನು ಅಂಚೆಯ ಮೂಲಕ ರೇಡಿಯೊ ರಿಪೇರಿ ಕಲಿತಿದ್ದ. ಹೀಗೆ ಒಂದೇ ನಾಲಿಗೆಗೆ ಎರಡು ಉದ್ಯೋಗವಾಯಿತು. ಜನ ಒಂದು ಕೈಯಲ್ಲಿ ರಾಗಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಕೆಟ್ಟ ಟಾರ್ಚು ಹಿಡಿದು ಬರುತ್ತಿದ್ದರು. ಹಿಟ್ಟು ಬೀಸಿ ಮುಗಿಯುವುದರೊಳಗೆ ಟಾರ್ಚು ಬೆಳಗುತ್ತಿತ್ತು. ಅದರೊಳಗೆ ಸ್ವಲ್ಪ ರಾಗಿ ಹಿಟ್ಟು ಇರುತ್ತಿತ್ತು ಎಂಬುದು ಬೇರೆ ಮಾತು.

ರಿಪೇರಿಯಲ್ಲಿ ಅವನದೊಂದು ಮೂಲಮಂತ್ರವಿತ್ತು. ಯಾರು ಯಾವ ಯಂತ್ರವನ್ನು ತಂದು ಕೆಟ್ಟಿದೆ ಎಂದರೂ ಅವನು ತಲೆಯೆತ್ತದೆ ಹೇಳುತ್ತಿದ್ದುದು ಒಂದೇ ಮಾತು.

'ಮೊದ್ಲು ಸ್ವಿಚ್ ನೋಡು.'

ಅರ್ಧಕ್ಕರ್ಧ ಜನ ಅಲ್ಲಿಗೇ ಮುಖ ಕೆಂಪಗೆ ಮಾಡಿಕೊಂಡು ವಾಪಸು ಹೋಗುತ್ತಿದ್ದರು. ಹಾಗೆ ಹೋದವರ ಹೆಸರುಗಳನ್ನು ಕಮಲಾಕರ ಮರೆಯುತ್ತಿರಲಿಲ್ಲ. ಅವರು ಮುಂದಿನ ಸಲ ಹಿಟ್ಟಿಗೆ ಬಂದಾಗ, ಹತ್ತು ಜನರ ಎದುರು, 'ಎಂತ, ಸ್ವಿಚ್ ಹಾಕಿಕೊಂಡೇ ಬಂದ್ಯಾ?' ಎಂದು ವಿಚಾರಿಸುತ್ತಿದ್ದ. ಶಾಲೆಯ ಹೆಡ್‌ಮಾಸ್ತರರನ್ನೂ ಬಿಟ್ಟಿರಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಇಂಥ ವೀರನಿಗೆ ತಕ್ಕ ಯುದ್ಧ ಸಿಕ್ಕಿದ್ದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ. ಕಾರಣ, ಅವನ ಹೆಂಡತಿ ವೇದಾ.

ವೇದಾ ಸಿದ್ದಾಪುರ ಪೇಟೆಯ ಮಹಿಳೆಯರ ತಾಳಮದ್ದಳೆ ಕೂಟದಲ್ಲಿದ್ದಳು. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಸಾಲಾಗಿ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಪದಕ್ಕೆ ಅರ್ಥ ಹೇಳುತ್ತಾರೆ. ಅರ್ಥಕ್ಕೆ ಬರೆದಿಟ್ಟ ಮಾತಿಲ್ಲ, ಆಡಿದ್ದೇ ಮಾತು. ಅಂದಮೇಲೆ ಅದಕ್ಕೆ ಕೊನೆಯೂ ಬರೆದಿಟ್ಟದ್ದಿಲ್ಲ. ಈ ಕೊರತೆಯನ್ನು ಜಿಲ್ಲೆಯಲ್ಲೇ ಅತ್ಯಂತ ಚೆನ್ನಾಗಿ ಬಳಸಿಕೊಂಡವರು ಮಾದೇವಿ ಅಕ್ಕೋರು.

ಮಾದೇವಿ ಅಕ್ಕೋರು ಪೇಟೆಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಹಾಲಿನವನ ಜೊತೆಗೂ ಪುಸ್ತಕದ ಕನ್ನಡವನ್ನೇ ಆಡುವವರು. ಪ್ರಸಂಗ ಯಾವುದೇ ಇರಲಿ, ಕೂಟದಲ್ಲಿ ಅವರದು ದೇವರ ಪಾತ್ರ. ದೇವರು ಬಾಯಿ ತೆರೆದರೆ ಮೊದಲು ಸೃಷ್ಟಿಯ ವಿಚಾರ ಬರುತ್ತಿತ್ತು. ಸೃಷ್ಟಿಯಿಂದ ಪ್ರಸಂಗದವರೆಗೆ ಇಳಿದುಬರಲು ಸಹಜವಾಗಿಯೇ ಹೊತ್ತು ಬೇಕು. ಅಷ್ಟರಲ್ಲಿ ಸಂಜೆಯ ಕೊನೆಯ ಬಸ್ಸಿನ ಹೊತ್ತಾಗಿ ಹಳ್ಳಿಯ ಕಡೆಯ ಪ್ರೇಕ್ಷಕರು ಕೊಡೆ ಹುಡುಕತೊಡಗುತ್ತಿದ್ದರು, ಭಾಗವತರು ಮಂಗಳ ಹಾಡುತ್ತಿದ್ದರು. ಉಳಿದ ಪಾತ್ರಗಳು ಬಾಯಲ್ಲಿದ್ದ ಮಾತನ್ನು ನುಂಗಿಕೊಂಡು ಮನೆಗೆ ಹೋಗುತ್ತಿದ್ದವು.

ಹೀಗೆ ನುಂಗಿಕೊಂಡವರಲ್ಲಿ ವೇದಾಳದು ಮೊದಲ ಸ್ಥಾನ. ಅವಳಿಗೆ ವರ್ಷವೂ ದೂತಿಯ ಪಾತ್ರ. ದೂತಿಗೆ ಹೇಳಲು ಬಿಟ್ಟ ಮಾತು ಎರಡೇ: 'ಪ್ರಭುವೇ, ಹೊತ್ತು ಮೀರುತ್ತಿದೆ. ಅಪ್ಪಣೆಯಾಗಲಿ.' ಇದನ್ನು ಅವಳು ಹೇಳುತ್ತಿದ್ದಷ್ಟು ಮನಸಾರೆ ಇಡೀ ಕೂಟದಲ್ಲಿ ಬೇರೆ ಯಾರೂ ಏನನ್ನೂ ಹೇಳುತ್ತಿರಲಿಲ್ಲ.

ಆ ವರ್ಷ ಮಾತ್ರ ಅವಳಿಗೆ ರಾಣಿಯ ಪಾತ್ರ ಬಂತು. ರಾಣಿ ದೇವರ ಮಾತನ್ನೆಲ್ಲ ಕೇಳಿ, ಆಮೇಲೆ ದೇವರನ್ನೇ ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳುವ ಸನ್ನಿವೇಶ. ವೇದಾ ಆಷಾಢದುದ್ದಕ್ಕೂ ಗಿರಣಿಯ ಸದ್ದಿನ ನಡುವೆ ಅದನ್ನು ಅಭ್ಯಾಸ ಮಾಡಿದಳು. ಕಲ್ಲಿನ ಸದ್ದಿಗಿಂತ ಎತ್ತರಕ್ಕೆ ದನಿ ಏರಿಸಿ ಅವಳು ಧರ್ಮವೆಂದರೇನು ಎಂದು ಗದರಿಸಿ ಕೇಳುವಾಗ, ಜೋಳ ಬೀಸಿಸಲು ಬಂದವರು ತಮ್ಮನ್ನೇ ಕೇಳಿದಳೆಂದು ಕಂಗಾಲಾಗಿದ್ದೂ ಉಂಟು. ಒಂದು ದಿನ ಅಭ್ಯಾಸ ಮುಗಿಸಿ, ಬೆವರು ಒರೆಸಿಕೊಂಡು, ಗಂಡನ ಮುಂದೆ ನಿಂತಳು.

'ಈ ಸಲವೂ ಆನು ಬಾಯಿ ಬಿಡೂದ್ರೊಳಗೆ ಬಸ್ಸಿನ ಹೊತ್ತಾದ್ರೆ, ಇನ್ನು ಕೂಟಕ್ಕೆ ಬತ್ನಿಲ್ಲೆ. ಪಾತ್ರವೂ ಬೇಡ, ಪದವೂ ಬೇಡ.'

ವೇದಾ ಹೇಳಿದ್ದನ್ನು ಮಾಡುವವಳು. ಒಮ್ಮೆ ಇನ್ನು ಕಾಫಿ ಕುಡಿಯುವುದಿಲ್ಲ ಎಂದವಳು ಮತ್ತೆ ಕುಡಿದದ್ದನ್ನು ಕಂಡವರಿಲ್ಲ. ಕಮಲಾಕರ ಒಂದು ಗೋಧಿಯ ಕಾಳನ್ನು ನಾಲಿಗೆಯ ಮೇಲಿಟ್ಟುಕೊಂಡ. ಅವನು ಯೋಚನೆ ಮಾಡುವ ಕ್ರಮ ಅದು.

ಅಕ್ಕೋರನ್ನು ನಿಲ್ಲಿಸುವ ಪ್ರಯತ್ನಗಳು ಮೊದಲೂ ನಡೆದಿದ್ದವು. ಕೂಟದ ವ್ಯವಸ್ಥೆ ನೋಡುವ ಗಣಪಣ್ಣ ಒಂದು ವರ್ಷ ಗಂಟೆ ಹಿಡಿದು ಎದ್ದು ನಿಂತಿದ್ದರು. ಅಕ್ಕೋರು ತಿರುಗಿ ನೋಡಿದರು. ಗಣಪಣ್ಣ ಅವರ ಹಳೆಯ ವಿದ್ಯಾರ್ಥಿ. ಗಂಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕೂತುಬಿಟ್ಟರು. ಮರುವರ್ಷ ಅಲಾರಾಂ ಗಡಿಯಾರ ಇಟ್ಟರು. ಅದು ಬಡಿದುಕೊಂಡಾಗ ಅಕ್ಕೋರು ಮಾತು ನಿಲ್ಲಿಸದೆಯೇ ಕೈ ಚಾಚಿ ಅದರ ತಲೆ ಒತ್ತಿ, 'ಇದು ಕಲಿಯುಗದ ಕೂಗು' ಎಂದು ಅದನ್ನೂ ಅರ್ಥದಲ್ಲಿ ಸೇರಿಸಿಕೊಂಡರು. ಊರಿನಲ್ಲಿ ಅವರ ಕೈಯಲ್ಲಿ ಕಲಿಯದವರು ಯಾರೂ ಇರಲಿಲ್ಲ. ಆದ್ದರಿಂದ ಅವರ ಶಿಷ್ಯನಲ್ಲದ, ತಲೆ ಒತ್ತಿದರೂ ಸುಮ್ಮನಾಗದ, ಕೈಗೆ ಎಟುಕದ ಒಂದು ವಸ್ತು ಬೇಕಾಗಿತ್ತು. ಕಮಲಾಕರ ಅದನ್ನು ತಾನೇ ಮಾಡುತ್ತೇನೆಂದು ಹೊರಟ. ಒಂದು ಸರದಿಗೆ ಹತ್ತು ನಿಮಿಷ. ಮೀರಿದರೆ ಯಂತ್ರ ಕೂಗುತ್ತದೆ. ಮಾತು ನಿಲ್ಲಿಸುವವರೆಗೆ ಕೂಗುತ್ತಲೇ ಇರುತ್ತದೆ. ಗಣಪಣ್ಣ ಸಭೆ ಸೇರಿಸಿ ನಿಯಮ ಮಾಡಿಸಿದರು. ಅಕ್ಕೋರು ಕಮಲಾಕರನ ಕಡೆ ತಿರುಗಿ ನಕ್ಕು, ನಿನ್ನ ಮಡದಿಗೂ ಇದೇ ನಿಯಮವೋ ಎಂದು ವಿಚಾರಿಸಿದರು.

'ಯಂತ್ರಕ್ಕೆ ಹೆಂಡ್ತಿ ಇಲ್ಲೆ ಅಕ್ಕೋರೆ' ಎಂದ ಕಮಲಾಕರ.

ಇನ್ನು ಸಾಮಾನು. ಟೈಮರಿಗೆ ಬೇಕಾದ ಎಂಟು ಕಾಲಿನ ಐಸಿಯನ್ನು ಶಿರಸಿಯ ರೇಡಿಯೊ ಅಂಗಡಿಯಲ್ಲಿ ಕೇಳಿದರೆ ಅವರು ಹುಬ್ಬಳ್ಳಿಯ ದಿಕ್ಕಿಗೆ ಕೈ ತೋರಿಸುತ್ತಿದ್ದ ಕಾಲ. ಹುಬ್ಬಳ್ಳಿಗೆ ದಿನ ಬಿಟ್ಟು ದಿನ ಲಾರಿ ಒಯ್ಯುತ್ತಿದ್ದವನು ಶಿರಸಿಯ ಗನಿ. ಕಮಲಾಕರನ ಆಪ್ತ ಮಿತ್ರ. ಗಿರಣಿಯ ಕಟ್ಟೆಯ ಮೇಲೆ ಕೂತು ಅವನನ್ನು ಗೇಲಿ ಮಾಡುವ ಹಕ್ಕನ್ನು ಬಹಳ ಹಿಂದೆಯೇ ಸಂಪಾದಿಸಿದ್ದವನು. ಅವನು ಐಸಿ ತಂದ, ರೆಸಿಸ್ಟರ್ ತಂದ, ಹೆಬ್ಬೆರಳಿನಷ್ಟು ದಪ್ಪದ ಕೆಪಾಸಿಟರ್ ತಂದ. ಕೂಗುವುದಕ್ಕೆಂದು ತನ್ನ ಲಾರಿಯದೇ ಹಳೆಯ ರಿವರ್ಸ್ ಹಾರ್ನ್ ಬಿಚ್ಚಿಕೊಟ್ಟ. ದೊಡ್ಡ ಬ್ಯಾಟರಿಗೆ ಒಗ್ಗಿಕೊಂಡಿದ್ದ ಆ ಹಾರ್ನು ಒಂಬತ್ತು ವೋಲ್ಟಿಗೆ ಸ್ವಲ್ಪ ಮೂಗಿನಲ್ಲಿ ಕೂಗುತ್ತಿತ್ತು, ಆದರೆ ಕೂಗುತ್ತಿತ್ತು. ತರಲು ಮರೆತದ್ದು ಒಂದನ್ನೇ: ಇವನ್ನೆಲ್ಲ ಚುಚ್ಚಿ ಕೂರಿಸುವ ತೂತಿನ ಬೋರ್ಡು.

ಕಮಲಾಕರ ಕುಗ್ಗಲಿಲ್ಲ. ಅಡಿಕೆ ಮರದಿಂದ ಉದುರಿ ಒಣಗಿದ ಹಾಳೆಯ ಒಂದು ತುಂಡು ಕತ್ತರಿಸಿ, ದಬ್ಬಣದಿಂದ ತೂತು ಹೊಡೆದು, ಬಿಡಿಭಾಗಗಳ ಕಾಲುಗಳನ್ನು ಅದರಲ್ಲಿ ತೂರಿಸಿ, ಹಿಂದೆ ತಂತಿ ಬೆಸೆದ. ಬೆಸುಗೆ ಹಾಕುವಾಗ ಹಾಳೆ ಸುಟ್ಟು ಊರಿಗೆಲ್ಲ ವಾಸನೆ ಬಂತು. ಹಾಳೆಯಲ್ಲಿ ಊಟ ಮಾಡುತ್ತೇವೆ, ಟೊಪ್ಪಿ ಮಾಡುತ್ತೇವೆ, ಮಗುವನ್ನು ಮೀಯಿಸುತ್ತೇವೆ; ಕರೆಂಟಿಗೆ ಯಾಕಾಗಬಾರದು ಎಂಬುದು ಅವನ ವಾದ. ಆಯಿತು ಕೂಡ. ಮೊದಲ ಪರೀಕ್ಷೆಯಲ್ಲೇ ಹತ್ತು ನಿಮಿಷಕ್ಕೆ ಸರಿಯಾಗಿ ಹಾರ್ನು ಕೂಗಿ, ಗಿರಣಿಯಲ್ಲಿದ್ದವರೆಲ್ಲ ಹಿಂದೆ ಲಾರಿ ಬಂತೆಂದು ಗೋಡೆಗೆ ಅಂಟಿ ನಿಂತರು.

ಎರಡನೆಯ ಪರೀಕ್ಷೆಯಲ್ಲಿ ಅದೇ ಯಂತ್ರ ನಾಲ್ಕು ನಿಮಿಷಕ್ಕೇ ಕೂಗಿತು. ಸ್ವಿಚ್ ನೋಡಿದ, ಸರಿಯಿತ್ತು. ಬ್ಯಾಟರಿ ನೆಕ್ಕಿದ, ಚುರುಕಾಗಿತ್ತು. ಗನಿಗೆ ಅರ್ಥವಾಗಲೆಂದು ಯಂತ್ರದ ಒಳಗುಟ್ಟನ್ನು ಬಿಡಿಸಿ ಹೇಳುತ್ತ ಹೋದ: ರೆಸಿಸ್ಟರೆಂದರೆ ಸಣ್ಣ ನಲ್ಲಿ, ಕೆಪಾಸಿಟರೆಂದರೆ ಅದರ ಕೆಳಗಿಟ್ಟ ಕೊಡ. ಸ್ವಿಚ್ ಹಾಕಿದರೆ ನಲ್ಲಿ ತೊಟ್ಟಿಕ್ಕುತ್ತದೆ. ಕೊಡ ಮೂರರಲ್ಲಿ ಎರಡು ಪಾಲು ತುಂಬಿದಾಗ ಐಸಿ ಅದನ್ನು ನೋಡಿ ಹಾರ್ನಿಗೆ ಹೇಳುತ್ತದೆ. ಹೇಳುತ್ತ ಹೇಳುತ್ತ ಅವನಿಗೇ ತಪ್ಪು ಹೊಳೆಯಿತು. ಮೊದಲ ಸಲ ತುಂಬಿದ ಕೊಡವನ್ನು ಯಾರೂ ಬರಿದು ಮಾಡಿರಲಿಲ್ಲ. ಕೆಪಾಸಿಟರಿನ ಎರಡು ಕಾಲುಗಳನ್ನು ಲೋಹದಿಂದ ಒಮ್ಮೆ ಮುಟ್ಟಿಸಿದರೆ ಅದು ಖಾಲಿಯಾಗುತ್ತದೆ. ಕೈಗೆ ಸಿಕ್ಕಿದ್ದು ಸಂಧ್ಯಾವಂದನೆಯಲ್ಲಿ ನೀರು ಬಿಡುವ ತಾಮ್ರದ ಸಣ್ಣ ಚಮಚ, ಉದ್ಧರಣೆ. ಅಂದಿನಿಂದ ಪ್ರತಿ ಸರದಿಗೆ ಮುಂಚೆ ಉದ್ಧರಣೆ ಮುಟ್ಟಿಸುವುದು ಯಂತ್ರದ ವಿಧಿಯಲ್ಲಿ ಸೇರಿಕೊಂಡಿತು. ಮುಂದೆ ವಾರವಿಡೀ ಅದು ಗಡಿಯಾರದ ಹಾಗೆ ನಡೆಯಿತು.

ಇಲ್ಲಿಗೆ ಬಿಟ್ಟಿದ್ದರೆ ಈ ಕಥೆಯಿಲ್ಲ. ಆದರೆ ವೇದಾ ಅದನ್ನು ನೋಡಿ, ಕೋಳಿ ಕೆದಕಿದ ಹಾಗಿದೆ ಎಂದುಬಿಟ್ಟಳು. ರಾಣಿಯ ಪರವಾಗಿ ಸಭೆಗೆ ಹೋಗುವ ಯಂತ್ರ ಬೆತ್ತಲೆ ಹೋಗಬಾರದೆಂದು ಕಮಲಾಕರನಿಗೂ ಅನ್ನಿಸಿತು. ಕಾರ್ಯಕ್ರಮದ ಹಿಂದಿನ ದಿನ ಅಗಲವಾದ ಹೊಸ ಹಾಳೆಯೊಂದನ್ನು ಆರಿಸಿದ. ಒಣ ಹಾಳೆಯನ್ನು ಹಾಗೇ ಮಡಿಸಿದರೆ ಸೀಳಿಹೋಗುತ್ತದೆ, ನೀರಿನಲ್ಲಿ ನೆನೆಸಿಯೇ ಮಡಿಸಬೇಕು ಎಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಅವನು ಶಾಸ್ತ್ರೋಕ್ತವಾಗಿ ನೆನೆಸಿದ, ನಾಲ್ಕು ಮೂಲೆ ಮಡಿಸಿ ಬಳ್ಳಿಯಿಂದ ಹೊಲಿದು ಚಂದದ ಪೆಟ್ಟಿಗೆ ಮಾಡಿದ, ಗಿರಣಿಯ ಮೋಟಾರಿನ ಹತ್ತಿರವಿಟ್ಟು ಆರಿಸಿದ. ಸಂಜೆಗೆ ಮುಟ್ಟಿದರೆ ಗರಿಗರಿ. ಹಳೆಯ ತುಂಡಿನಿಂದ ಎಲ್ಲವನ್ನೂ ಬಿಚ್ಚಿ ಇದರೊಳಗೆ ಬೆಸೆದ. ಮತ್ತೆ ಪರೀಕ್ಷೆ ಮಾಡಲಿಲ್ಲ. ವಾರವಿಡೀ ಪಾಸಾದವನಿಗೆ ಇನ್ನೊಂದು ಪರೀಕ್ಷೆ ಯಾಕೆ?

ಮರುದಿನ ಮಧ್ಯಾಹ್ನ ಸಭಾಭವನ ತುಂಬಿತ್ತು. ತಾಳಮದ್ದಳೆಗಿಂತ ಹೆಚ್ಚಾಗಿ, ಮಾದೇವಿ ಅಕ್ಕೋರನ್ನು ಹಾಳೆಯ ಪೆಟ್ಟಿಗೆ ನಿಲ್ಲಿಸುವುದನ್ನು ನೋಡಲು ಜನ ಬಂದಿದ್ದರು. ವೇದಿಕೆಯ ಬದಿಯ ಕಿಟಕಿಯ ಮೇಲೆ, ವೇದಿಕೆಯಲ್ಲಿ ಕೂತ ಯಾರ ಕೈಗೂ ಎಟುಕದ ಹಾಗೆ, ಪೆಟ್ಟಿಗೆ ಆಸೀನವಾಗಿತ್ತು. ಪಕ್ಕದಲ್ಲಿ ಉದ್ಧರಣೆ ಹಿಡಿದ ಕಮಲಾಕರ, ಅವನ ಪಕ್ಕ ಗನಿ. ಭಾಗವತರ ಪದ ಮುಗಿಯಿತು, ಅಕ್ಕೋರು ಸೆರಗು ಸರಿಮಾಡಿಕೊಂಡು ಸೃಷ್ಟಿಯನ್ನು ಆರಂಭಿಸಿದರು, ಕಮಲಾಕರ ಸ್ವಿಚ್ ಹಾಕಿದ.

ಹತ್ತು ನಿಮಿಷವಾಯಿತು. ಹಾರ್ನು ಕೂಗಲಿಲ್ಲ. ಎಲ್ಲರೂ ಗೋಡೆಯ ಗಡಿಯಾರವನ್ನೂ ಕಿಟಕಿಯನ್ನೂ ನೋಡಿದರು. ಮತ್ತೆ ಐದು ನಿಮಿಷ ಹೋಯಿತು. ಅಕ್ಕೋರು ಪಂಚಭೂತಗಳಲ್ಲಿ ಇನ್ನೂ ಎರಡನೆಯದರಲ್ಲಿದ್ದರು. ವೇದಾ ಎದುರಿನ ಸಾಲಿನಲ್ಲಿ ತಲೆಯೆತ್ತಿ ಕೂತಿದ್ದವಳು ಮೆಲ್ಲಗೆ ನೆಲ ನೋಡತೊಡಗಿದಳು. ಗಣಪಣ್ಣ ಬಗ್ಗಿಕೊಂಡು ಕಿಟಕಿಯ ಹತ್ತಿರ ಬಂದು ಪಿಸುಗುಟ್ಟಿದರು.

'ಎಂತಾತೋ ನಿನ್ನ ಯಂತ್ರಕ್ಕೆ? ಅದೂ ಅಕ್ಕೋರ ಶಿಷ್ಯನೇ ಆಗೋತಾ?'

ಕಮಲಾಕರ ಸ್ವಿಚ್ ನೋಡಿದ. ಸರಿಯಿತ್ತು. ಸಭೆಯ ಎದುರು ಬ್ಯಾಟರಿ ನೆಕ್ಕಿದ. ಜನರಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಹರಡಿತು, ಬ್ಯಾಟರಿ ಚುರುಕಾಗಿತ್ತು. ಹಾಗಾದರೆ ಹಾರ್ನೇ ಸತ್ತಿರಬೇಕೆಂದು ಅದರ ತಂತಿಯನ್ನು ಕಿತ್ತು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದ. ಅದು ಸತ್ತಿರಲಿಲ್ಲ. ಇಡೀ ಸಭಾಭವನ ಬೆಚ್ಚಿಬೀಳುವ ಹಾಗೆ ಒಮ್ಮೆ ಒರಲಿತು. ಕಮಲಾಕರ ಗಾಬರಿಯಿಂದ ತಂತಿ ಬಿಟ್ಟುಬಿಟ್ಟ.

ಅಕ್ಕೋರು ಒಂದೇ ಒಂದು ಕ್ಷಣ ತಡೆದರು.

'ನೋಡು ರಾಣಿ, ಅರಮನೆಯ ಲಾಯದ ಕತ್ತೆಗೂ ನನ್ನ ಮಾತು ತಿಳಿಯಿತು. ನಿನಗಿನ್ನೂ ತಿಳಿಯಲಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.'

ಸಭೆ ಚಪ್ಪಾಳೆ ತಟ್ಟಿತು. ಸೃಷ್ಟಿ ಮತ್ತೆ ಆರಂಭವಾಯಿತು. ಯಂತ್ರದ ಸಹಾಯದಿಂದ ರಾಣಿಯ ಸರದಿ ಇನ್ನಷ್ಟು ದೂರ ಹೋಗಿತ್ತು.

ಕಿಟಕಿಯ ಬಳಿ ಈಗ ನಿಜವಾದ ಹೋರಾಟ. ಹಾರ್ನನ್ನು ಮತ್ತೆ ಜೋಡಿಸಿದ. ಐಸಿಯನ್ನು ಒತ್ತಿ ನೋಡಿದ, ಬೆಸುಗೆಗಳನ್ನು ಉಗುರಿನಿಂದ ಕೆದಕಿದ. ಎಲ್ಲವೂ ಗಟ್ಟಿ. ಗನಿ ಕಿವಿಯ ಹತ್ತಿರ ಬಾಯಿಟ್ಟು, 'ಹೆಗಡೇರೆ, ನಲ್ಲಿ ಸರಿ ಅದೆ, ಕೊಡ ತುಂಬ್ತಿಲ್ಲ ಅಂದ್ರೆ ಎಲ್ಲೋ ಸೋರ್ತದೆ' ಎಂದ. ಅವನಿಗೆ ತಿಳಿದಿದ್ದುದು ಕೊಡದ ಉಪಮೆ ಮಾತ್ರ, ಆದರೆ ಆಗ ಬೇಕಾಗಿದ್ದುದೂ ಅಷ್ಟೇ. ಎಲ್ಲಿ ಸೋರುತ್ತದೆ? ಕಮಲಾಕರ ಪೆಟ್ಟಿಗೆಯನ್ನು ಮುಖದ ಹತ್ತಿರ ಎತ್ತಿಕೊಂಡ. ಕಣ್ಣು ಮುಚ್ಚಿದ. ನಾಲಿಗೆ ಹೊರಗೆ ಬಂತು. ಮುಂದಿನ ಸಾಲಿನವರು ಅರ್ಥ ಕೇಳುವುದನ್ನು ಬಿಟ್ಟು ಇತ್ತ ತಿರುಗಿದರು. ಕೆಪಾಸಿಟರಿನ ಎರಡು ಕಾಲುಗಳ ನಡುವಿನ ಹಾಳೆಯನ್ನು ಅವನು ಮೆಲ್ಲಗೆ ನೆಕ್ಕಿದ.

ಆ ನಾಲಿಗೆ ಹುಟ್ಟಿದಾಗಿನಿಂದ ಇದೊಂದು ಕ್ಷಣಕ್ಕಾಗಿ ಕಾದಿತ್ತು ಎನ್ನಬೇಕು. ಹಸಿ ಗೋಧಿಯ ತಂಪು ಅದಕ್ಕೆ ತಕ್ಷಣ ಗುರುತು ಸಿಕ್ಕಿತು. ಹಾಳೆ ಮೇಲೆ ಗರಿಗರಿ, ಒಳಗೆ ಒದ್ದೆ. ನೆನೆಸಿದ ನೀರು ಹೊಟ್ಟೆಯೊಳಗೇ ಉಳಿದಿತ್ತು. ಹೊರಗಿನ ಮಳೆಯ ಥಂಡಿ ಅದಕ್ಕೆ ಜೊತೆಯಾಗಿತ್ತು. ನಲ್ಲಿಯಿಂದ ತೊಟ್ಟಿಕ್ಕಿದ ಅಷ್ಟೂ ಕರೆಂಟು ಕೊಡದಲ್ಲಿ ನಿಲ್ಲದೆ ಒದ್ದೆ ಹಾಳೆಯ ದಾರಿ ಹಿಡಿದು ಇಳಿದುಹೋಗುತ್ತಿತ್ತು. ಹೀಗಾದರೆ ಅಕ್ಕೋರು ಪ್ರಳಯದವರೆಗೆ ಹೇಳಿದರೂ ಹಾರ್ನು ಕೂಗುವುದಿಲ್ಲ.

ಇಬ್ಬರೂ ಪೆಟ್ಟಿಗೆ ಹಿಡಿದು ಭವನದ ಹಿಂದಿನ ಅಡಿಗೆ ಕೋಣೆಗೆ ಓಡಿದರು. ಅಲ್ಲಿ ಹೊನ್ನಿ ಸಭೆಗೆಲ್ಲ ಚಹಾ ಕಾಸುತ್ತಿದ್ದಳು. ದೊಡ್ಡ ಪಾತ್ರೆಯ ಮುಚ್ಚಳದ ಮೇಲೆ ಕಮಲಾಕರ ಹಾಳೆಯ ಪೆಟ್ಟಿಗೆಯನ್ನು ಇಡಹೋದ. ಹೊನ್ನಿ ಸೌಟನ್ನು ಅಡ್ಡ ಹಿಡಿದಳು.

'ಎಂತ ಹೆಗ್ಡೇರೆ, ಇದ್ನೂ ಬೇಸ್ಬೇಕಾ?'

ಮುಚ್ಚಳದ ಅಂಚಿನಿಂದ ಹಬೆ ಬರುತ್ತಿದ್ದುದರಿಂದ ಅದು ಬೇಡವೆಂದು ಕಮಲಾಕರನಿಗೂ ಹೊಳೆಯಿತು. ಒಲೆಯ ಬಾಯಿಂದ ಹೊನ್ನಿಯೇ ಇಕ್ಕಳದಲ್ಲಿ ಕೆಂಡ ತೆಗೆದು ಒಂದು ತಟ್ಟೆಗೆ ಹಾಕಿಕೊಟ್ಟಳು. ಗನಿ ಪೆಟ್ಟಿಗೆಯನ್ನು ಕೆಂಡದ ಮೇಲೆ ಹಪ್ಪಳ ಸುಡುವ ಹಾಗೆ ತಿರುಗಿಸಿ ತಿರುಗಿಸಿ ಹಿಡಿದ. ಕಮಲಾಕರ ನಡುನಡುವೆ ನೆಕ್ಕಿ ಪಾಕ ನೋಡಿದ. ಸುಟ್ಟ ಹಾಳೆಯ ವಾಸನೆ ಚಹಾಕ್ಕೆ ಹತ್ತಿತು. ಅವತ್ತಿನ ಚಹಾ ಬಹಳ ಚೆನ್ನಾಗಿತ್ತು, ಏನು ಹಾಕಿದ್ದೆ ಎಂದು ಹೊನ್ನಿಯನ್ನು ಆಮೇಲೆ ಹಲವರು ಕೇಳಿದರು. ಅವಳು ಹೇಳಲಿಲ್ಲ.

ನಾಲಿಗೆ ಒಪ್ಪಿಗೆ ಕೊಟ್ಟಿತು. ಪೆಟ್ಟಿಗೆ ಕಿಟಕಿಗೆ ಮರಳಿತು. ಉದ್ಧರಣೆ ಮುಟ್ಟಿಸಿ ಕಮಲಾಕರ ಸ್ವಿಚ್ ಹಾಕಿದ. ಯಂತ್ರಕ್ಕೆ ಹಿಂದಿನದೇನೂ ನೆನಪಿರುವುದಿಲ್ಲವಾದ್ದರಿಂದ ಅಕ್ಕೋರಿಗೆ ಮತ್ತೆ ಪೂರ್ತಿ ಹತ್ತು ನಿಮಿಷ ಸಿಕ್ಕಿತು. ಅವರು ಅದನ್ನು ಒಂದು ಕ್ಷಣವೂ ಪೋಲು ಮಾಡಲಿಲ್ಲ. ಹೊರಗೆ ಆಗಲೇ ಮಬ್ಬಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೊಡೆಗೆ ಕೈ ಹಾಕಿದರು. ವೇದಾ ಆ ಕೊಡೆಯನ್ನು ನೋಡಿದಳು.

ಆಗ ಹಾರ್ನು ಕೂಗಿತು.

ಅಕ್ಕೋರು ಕಿಟಕಿಯತ್ತ ಕೈ ಚಾಚಿದರು, ಎಟುಕಲಿಲ್ಲ. ದನಿ ಏರಿಸಿದರು. ಹಾರ್ನಿನ ದನಿ ಇದ್ದಷ್ಟೇ ಇತ್ತು. ಎಲ್ಲ ಯುಗಗಳಲ್ಲೂ ದೇವರ ಎದುರು ನಿಂತ ರಾಕ್ಷಸರು ಸೋತದ್ದು ತಾಳ್ಮೆಯಿಲ್ಲದೆ. ಈ ಲಾರಿಯ ಹಾರ್ನಿಗೆ ತಾಳ್ಮೆಯ ಹೊರತು ಬೇರೆ ಗುಣವೇ ಇರಲಿಲ್ಲ. ಒಂದು ವಾಕ್ಯ, ಎರಡು ವಾಕ್ಯ, ಮೂರನೆಯದರ ಮಧ್ಯದಲ್ಲಿ ದೇವರಿಗೆ ಉಸಿರು ಬೇಕಾಯಿತು. ಹಾರ್ನಿಗೆ ಬೇಕಾಗಲಿಲ್ಲ. ಅಕ್ಕೋರು ಬಾಯಿ ಮುಚ್ಚಿದರು. ಕಮಲಾಕರ ಸ್ವಿಚ್ ಆರಿಸಿದ. ಆ ಮೌನದಲ್ಲಿ ಹೊರಗಿನ ಮಳೆ ಕೇಳಿಸಿತು. ಸಿದ್ದಾಪುರದ ತಾಳಮದ್ದಳೆಯಲ್ಲಿ ಮಳೆಯ ಸದ್ದು 'ಕೇಳಿಸಿದ್ದು' ಅದೇ ಮೊದಲು ಎಂದು ಗಣಪಣ್ಣ ಈಗಲೂ ಹೇಳುತ್ತಾರೆ.

ಭಾಗವತರು ರಾಣಿಯ ಪದ ಎತ್ತಿದರು. ಕಮಲಾಕರ ಶಾಸ್ತ್ರ ತಪ್ಪದೆ ಉದ್ಧರಣೆ ಮುಟ್ಟಿಸಿದ. ವೇದಾ ಬಾಯಿ ತೆರೆದಳು.

ಮೊದಲ ಮಾತುಗಳು ನಡುಗಿದವು. ಗಿರಣಿಯ ಸದ್ದಿಲ್ಲದೆ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ. ಆಮೇಲೆ ಎಲ್ಲಿಂದಲೋ ಒಂದು ನಿಧಾನ ಬಂತು. ಅಭ್ಯಾಸ ಮಾಡಿದ ಮಾತುಗಳನ್ನು ಬದಿಗಿಟ್ಟು ಅವಳು ಬೇರೆಯದನ್ನೇ ಹೇಳತೊಡಗಿದಳು.

'ಪ್ರಭುವೇ, ಸೃಷ್ಟಿಯ ವಿಚಾರ ಕೇಳಿದೆ. ನಿನಗೆ ಯುಗವೂ ಒಂದು ಗಳಿಗೆ. ಆದರೆ ನಿನ್ನ ಬಾಗಿಲಲ್ಲಿ ಒಬ್ಬಳು ದೂತಿ ನಿಂತಿದ್ದಳು. ವರ್ಷವೂ ಬಂದು ಹೊತ್ತು ಮೀರುತ್ತಿದೆ ಎಂದು ಹೇಳಿ ಹೋಗುತ್ತಿದ್ದಳು. ಅವಳಿಗೆ ಹೇಳಲು ಬೇರೇನಾದರೂ ಇತ್ತೇ ಎಂದು ನೀನು ಯಾವತ್ತಾದರೂ ಕೇಳಿದೆಯಾ?'

ಕೊಡೆ ಹಿಡಿದವರು ಹಿಡಿದುಕೊಂಡೇ ಕೂತರು. ಹೊನ್ನಿ ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲೇ ನಿಂತಳು. ರಾಣಿ ಕೇಳುತ್ತಲೇ ಹೋದಳು: ಕಾಯುವವರ ಹೊತ್ತನ್ನು ಅಳೆಯುವವರು ಯಾರು, ಕೇಳಿ ಕೇಳಿಯೇ ಮುದುಕಿಯಾದವರ ಮಾತು ಎಲ್ಲಿ ಹೋಗುತ್ತದೆ, ಧರ್ಮ ಹೇಳುವವರಿಗೆ ಕಿವಿ ಇರಬೇಕೆಂದು ಯಾವ ಶಾಸ್ತ್ರದಲ್ಲಿಯೂ ಯಾಕಿಲ್ಲ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಎಲ್ಲೋ ದೂರದಲ್ಲಿ ಕೊನೆಯ ಬಸ್ಸು ಹಾರ್ನು ಹೊಡೆಯಿತು. ಕಿಟಕಿಯ ಮೇಲಿನ ಹಾರ್ನು ಹೊಡೆಯಲಿಲ್ಲ. ಹೇಳುವುದೆಲ್ಲ ಮುಗಿದ ಮೇಲೆ ವೇದಾ ತಾನಾಗಿಯೇ ನಿಲ್ಲಿಸಿ, ಲೋಟ ಎತ್ತಿ ನೀರು ಕುಡಿದಳು.

ಎಲ್ಲರೂ ಅಕ್ಕೋರನ್ನು ನೋಡಿದರು. ಅವರು ವೇದಾಳ ಕಡೆ ತಿರುಗಿ ಸೆರಗು ಸರಿಮಾಡಿಕೊಂಡರು. ನಂತರ ದೇವರ ದನಿಯಲ್ಲೇ, 'ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ರಾಣಿ' ಎಂದರು. ಅವರ ಜೀವಮಾನದ ಅತ್ಯಂತ ಚಿಕ್ಕ ಅರ್ಥ ಅದು. ಭಾಗವತರು ನಂಬದೆ ಸ್ವಲ್ಪ ಕಾದು, ಆಮೇಲೆ ಮಂಗಳ ಹಾಡಿದರು. ಹಳ್ಳಿಯ ಕಡೆಯ ಪ್ರೇಕ್ಷಕರನ್ನೆಲ್ಲ ಗನಿ ತನ್ನ ಲಾರಿಯಲ್ಲಿ ಹತ್ತಿಸಿಕೊಂಡು ಮನೆ ಮುಟ್ಟಿಸಿದ.

ವೇದಾ ಕೂಟ ಬಿಡಲಿಲ್ಲ. ಆದರೆ ಊರಿಗೆ ಒಂದು ದೊಡ್ಡ ಪ್ರಶ್ನೆ ಉಳಿಯಿತು. ದೇವರಿಗೆ ಕೂಗಿದ ಯಂತ್ರ ರಾಣಿಗೆ ಯಾಕೆ ಕೂಗಲಿಲ್ಲ? ವಾರವಿಡೀ ಗಿರಣಿಯಲ್ಲಿ ಇದೇ ಚರ್ಚೆ. ಪೇಟೆಯ ವಿಜ್ಞಾನ ಮಾಸ್ತರರು ಚಹಾದ ಹಬೆಯಿಂದ ಹಾಳೆ ಮತ್ತೆ ಒದ್ದೆಯಾಯಿತೆಂದು ಚಿತ್ರ ಬರೆದು ವಿವರಿಸಿದರು. ಗಣಪಣ್ಣನ ಪ್ರಕಾರ ಕಮಲಾಕರ ಉದ್ಧರಣೆಯನ್ನು ಗುಟ್ಟಾಗಿ ಕೆಪಾಸಿಟರಿನ ಕಾಲುಗಳ ಮೇಲೆಯೇ ಬಿಟ್ಟಿದ್ದ. ಗನಿ ಮಾತ್ರ ಇದು ಪ್ರೇಮದ ಕೆಲಸ, ಶಾಜಹಾನ್ ಕಲ್ಲಿನಲ್ಲಿ ಮಾಡಿದ್ದನ್ನು ನಮ್ಮ ಹೆಗಡೇರು ಹಾಳೆಯಲ್ಲಿ ಮಾಡಿದರು ಎಂದು ಹುಬ್ಬಳ್ಳಿಯವರೆಗೆ ಸಾರಿದ. ಶಿರಸಿಗೆ ಹೋಗುವಷ್ಟರಲ್ಲಿ ಕಥೆ ಬೆಳೆದು, ಕಮಲಾಕರ ತನ್ನ ನಾಲಿಗೆಯಿಂದಲೇ ಒಂದೇ ಒಂದು ಹನಿ ತೇವವನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಇಟ್ಟನೆಂದಾಯಿತು. ಇದು ಹೆಚ್ಚು ಜನ ಒಪ್ಪಿದ ಆವೃತ್ತಿ. ವೇದಾ ಯಾವುದನ್ನೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಆದರೆ ಆ ದಿನಗಳಲ್ಲಿ ಗಂಡನ ದೋಸೆಗೆ ತುಪ್ಪ ಸ್ವಲ್ಪ ಹೆಚ್ಚೇ ಬೀಳುತ್ತಿತ್ತು. ಕಮಲಾಕರ ಕೇಳಿದವರಿಗೆಲ್ಲ ಕಣ್ಣು ಮುಚ್ಚಿ ಒಂದು ಕಾಳು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನಿದ್ದುಬಿಡುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ ಮಾದೇವಿ ಅಕ್ಕೋರೇ ಗಿರಣಿಗೆ ಬಂದರು. ಕೈಯಲ್ಲಿ ಗೋಧಿಯ ಡಬ್ಬಿಯಿತ್ತು, ಆದರೆ ಬಂದದ್ದು ಅದಕ್ಕಲ್ಲವೆಂದು ಎಲ್ಲರಿಗೂ ತಿಳಿಯಿತು. ಕಮಲಾಕರ ಮೋಟಾರು ನಿಲ್ಲಿಸಿ, ಹಿಟ್ಟಿನ ಮೈಯಲ್ಲೇ ಎದ್ದು, ಕೈಕಟ್ಟಿ ನಿಂತ. ಅವನೂ ಅವರ ಶಿಷ್ಯನೇ. ಹಿಟ್ಟಿಗೆ ಬಂದವರು, ಕಟ್ಟೆಯ ಮೇಲಿನ ಗನಿ, ಒಳಬಾಗಿಲಲ್ಲಿ ವೇದಾ, ಎಲ್ಲರೂ ಒಂದು ಹೆಜ್ಜೆ ಹತ್ತಿರ ಸರಿದರು.

'ಕಮಲಾಕರ, ನಾನು ಸಿಟ್ಟು ಮಾಡುವುದಿಲ್ಲ. ಆ ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಇಷ್ಟು ವರ್ಷ ನಾನೇ ಅವಳ ದಾರಿಗೆ ಅಡ್ಡ ಕೂತಿದ್ದೆ ಎಂದು ತಿಳಿಯಿತು. ಆದರೆ ನೀನು ಮಾಡಿದ ಯುಕ್ತಿ ಯಾವುದು ಎಂಬುದು ನನಗೆ ನಿದ್ದೆ ಕೊಡುತ್ತಿಲ್ಲ. ಸತ್ಯ ಹೇಳು. ನನಗೆ ಕೂಗಿದ್ದು ಅವಳಿಗೆ ಹೇಗೆ ಕೂಗಲಿಲ್ಲ?'

ಕಮಲಾಕರ ಬಾಯಲ್ಲಿದ್ದ ಗೋಧಿಯ ಕಾಳನ್ನು ನುಂಗಿದ. ಒಮ್ಮೆ ಹೆಂಡತಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ.

'ಕೇಳ್ತಾ ಕೂತವಂಗೆ ಸ್ವಿಚ್ ಹಾಕಲೆ ಮರ್ತೋತು, ಅಕ್ಕೋರೆ.'